ಪರದೆಯ ಹಿಂದೆ ಕಂಡ ಪಿಕ್ಚರುಗಳು

ಚಿಂಚೋಳಿಯಿಂದ ಬಂದ ಸುದ್ದಿ ಇಷ್ಟೇ: ಅಕ್ಕನ ಮುಂದೆ ಯಾರನ್ನು ತಂದು ನಿಲ್ಲಿಸಿದರೂ ಬೆನ್ನು ತಿರುಗಿಸಿ ಕೂಡುತ್ತಾಳೆ. ಗಂಡನಿಗೂ ಅಷ್ಟೇ, ಅತ್ತೆಗೂ ಅಷ್ಟೇ, ಹೆತ್ತ ಕೂಸಿಗೂ ಅಷ್ಟೇ. ಸುದ್ದಿ ತಂದವನು ಭಾವನ ಕಡೆಯ ಸಂಬಂಧಿಕ, ಫರಸಿ ಕಲ್ಲು ಕೊಳ್ಳಲು ಶಹಾಬಾದಿಗೆ ಬಂದವನು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೀರು ಕುಡಿದು, "ಬರೋ ಸೋಮಾರ ಹಿರ್ಯಾರು ಕೂಡ್ತಾರ. ನೀವು ಬಂದು ಹುಡುಗೀನ ಕರಕೊಂಡು ಹೋಗಾದು ಚಲೋ. ಕೂಸು ಅಲ್ಲೇ ಇರತದ," ಎಂದ. ಹೇಳಿದವನೇ ಚಪ್ಪಲಿ ಮೆಟ್ಟಿಕೊಂಡು ತನ್ನ ಕಲ್ಲಿನ ವ್ಯಾಪಾರಕ್ಕೆ ಹೋದ. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಕೂತುಬಿಟ್ಟಳು. ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು.

ಅಕ್ಕನಿಗೆ ಗಂಡನ ಮನೆಯಲ್ಲೇ ಆದ ಬಾಣಂತನದ ಬೆನ್ನಿಗೇ ಮೆದುಳು ಜ್ವರ ಬಂದಿತ್ತು. ಗುಲಬರ್ಗಾದ ದವಾಖಾನೆಯಲ್ಲಿ ಜೀವ ಉಳಿಯಿತು. ಆದರೆ ಜ್ವರ ಹೋಗುವಾಗ ಅವಳಿಗೆ ಗೊತ್ತಿದ್ದ ಮಂದಿಯನ್ನೆಲ್ಲ ಕಟ್ಟಿಕೊಂಡು ಹೋಯಿತು. ಉಣ್ಣುತ್ತಾಳೆ, ಮೈ ತೊಳೆದುಕೊಳ್ಳುತ್ತಾಳೆ, ನೀರು ಕೊಡು ಎಂದರೆ ಕೊಡುತ್ತಾಳೆ. ಎದುರಿಗಿರುವವರು ಯಾರು ಎಂದು ಕೇಳಿದರೆ ಮಾತ್ರ ಬಾಯಿ ಬಿಡುವುದಿಲ್ಲ. ದಿನಾ ಮಾತಾಡಿಸಿರಿ, ಮುಖ ತೋರಿಸಿ ಕೇಳಿರಿ ಎಂದು ಡಾಕ್ಟರು ಹೇಳಿದ್ದರಂತೆ. ಆ ಮನೆಯವರು ತಿಂಗಳುಗಟ್ಟಲೆ ಕೇಳಿದರು. ಕೇಳಿ ಕೇಳಿ ಸಾಕಾಗಿ ಈಗ ಹಿರಿಯರನ್ನು ಕರೆಸಿದ್ದರು. ಸೋಮವಾರದ ಪಂಚಾಯ್ತಿಯಲ್ಲಿ ಅಕ್ಕ ಮಗುವನ್ನು ಬಿಟ್ಟು ತವರಿಗೆ ಬರುವುದು, ಭಾವನಿಗೆ ಇನ್ನೊಂದು ಲಗ್ನ ಮಾಡುವುದು, ಇವೆರಡೂ ಗಟ್ಟಿಯಾಗಲಿದ್ದವು. ತಾಂಡೂರಿನ ಕಡೆ ಒಂದು ಹೆಣ್ಣು ನೋಡಿಟ್ಟಿದ್ದಾರೆ ಎಂಬ ಮಾತೂ ನಮ್ಮ ಕಿವಿಗೆ ಬಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಂದು ಸಿಟ್ಟೂ ಬರಲಿಲ್ಲ. ಅಪ್ಪ ಹೊರಡುವ ತಯಾರಿ ಮಾಡುತ್ತಿದ್ದಾಗ ನಾನು ತಗಡಿನ ಟ್ರಂಕಿನ ತಳಕ್ಕೆ ಕೈ ಹಾಕಿ ಹಳೆಯ ಫೋಟೋಗಳ ಕಟ್ಟನ್ನು ಎಳೆದೆ.

"ಅವು ಯಾಕ ಬೇಕು ಈಗ?" ಎಂದು ಅಪ್ಪ ಕೇಳಿದ.

"ಅಕ್ಕ ಮಂದೀನ ಮರ್ತಿರಬಹುದು. ಇವುನ್ನ ಮರ್ತಿರಲ್ಲ," ಎಂದೆ. ಹಾಗೆ ನಂಬುವುದು ಬಿಟ್ಟರೆ ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಆ ಫೋಟೋಗಳ ಕತೆ ಹೇಳಬೇಕು. ಅಪ್ಪ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟರ್. ಕಾರ್ಖಾನೆಯ ಸಾಹೇಬರುಗಳಿಗೆ ಒಂದು ಕ್ಲಬ್ಬಿತ್ತು, ಅದರ ಹುಲ್ಲಿನ ಅಂಗಳದಲ್ಲಿ ಶನಿವಾರ ಸಂಜೆ ಹೊತ್ತು ಮುಳುಗಿದೊಡನೆ ಪಿಕ್ಚರು ತೋರಿಸುತ್ತಿದ್ದರು. ಬರುತ್ತಿದ್ದವೆಲ್ಲ ಹಾಲಿವುಡ್ಡಿನ ಹಾಡು ಕುಣಿತದ ಪಿಕ್ಚರುಗಳು. ದೊಡ್ಡ ಊರುಗಳಲ್ಲಿ ಓಡಿ ಓಡಿ ಗೀರು ಬಿದ್ದ ಮೇಲೆ ನಮ್ಮ ಕಡೆ ಬರುತ್ತಿದ್ದವು. ಎರಡು ಕಂಬಕ್ಕೆ ಬಿಳಿ ಪರದೆ ಕಟ್ಟುತ್ತಿದ್ದರು. ಮುಂದೆ ಕುರ್ಚಿ ಹಾಕಿಕೊಂಡು ಸಾಹೇಬರು, ಅವರ ಹೆಂಡಿರು. ಪರದೆಯ ಹಿಂದೆ, ಜಾಲಿ ಗಿಡಗಳ ನಡುವಿನ ಬಯಲಿನಲ್ಲಿ, ಗೋಣಿತಟ್ಟು ಹಾಸಿಕೊಂಡು ನಾವು, ಎಂದರೆ ಕಾರ್ಖಾನೆಯ ಕೆಲಸಗಾರರ ಹೆಂಡಿರು ಮಕ್ಕಳು. ಯಾರೂ ನಮ್ಮನ್ನು ಅಲ್ಲಿ ಕೂಡಿರಿ ಎಂದು ಹೇಳಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಪರದೆಗೆ ನೀರು ಚಿಮುಕಿಸಿದರೆ ಚಿತ್ರ ಹಿಂದಕ್ಕೂ ಚೆನ್ನಾಗಿ ಕಾಣುತ್ತದೆ ಎಂದು ಗೊತ್ತಿದ್ದ ಕ್ಲಬ್ಬಿನ ಜವಾನ ನಮಗಾಗಿ ಒಂದು ಬಕೀಟು ಹೆಚ್ಚೇ ಚಿಮುಕಿಸುತ್ತಿದ್ದ.

ಹಿಂದಿನಿಂದ ನೋಡಿದರೆ ಎಲ್ಲ ಉಲ್ಟಾ. ಅಕ್ಷರಗಳು ಉಲ್ಟಾ ಇದ್ದವೆಂದು ನಮಗೇನೂ ನಷ್ಟವಾಗಲಿಲ್ಲ, ಸುಲ್ಟಾ ಇದ್ದರೂ ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಆದರೆ ಅಲ್ಲಿ ಎಲ್ಲರೂ ಎಡಗೈಯಲ್ಲೇ ಉಣ್ಣುತ್ತಿದ್ದರು, ಎಡಗೈಯಲ್ಲೇ ಬರೆಯುತ್ತಿದ್ದರು, ಎಡಗೈಯನ್ನೇ ಹಿಡಿದು ಕುಲುಕುತ್ತಿದ್ದರು. ಬಿಳಿಯರೆಲ್ಲ ರೊಡ್ಡರು, ಎಂದರೆ ಎಡಚರು, ಎಂಬುದು ನಮ್ಮ ಕಾಲನಿಯ ಹೆಣ್ಣುಮಕ್ಕಳ ಗಟ್ಟಿ ನಂಬಿಕೆ. ಕಾರ್ಖಾನೆಯ ದೊಡ್ಡ ಸಾಹೇಬನೊಬ್ಬ ಒಮ್ಮೆ ಬಲಗೈಯಲ್ಲಿ ಸಹಿ ಹಾಕಿದ್ದನ್ನು ಅಪ್ಪ ನೋಡಿ ಬಂದು ಹೇಳಿದಾಗ, "ಇಲ್ಲಿಗೆ ಬಂದ ಮ್ಯಾಲ ಕಲ್ತಿರಬೇಕು ಬಿಡ್ರಿ," ಎಂದು ಅವ್ವ ಸಮಾಧಾನ ಹೇಳಿದಳು.

ಹೆಸರು ಓದಲು ಬಾರದ ಪಿಕ್ಚರುಗಳಿಗೆ ಅಕ್ಕ ತಾನೇ ಹೆಸರಿಡುತ್ತಿದ್ದಳು. ಒಗೆದ ಬಟ್ಟೆಗಳ ಸಾಲಿನ ನಡುವೆ ಎಲ್ಲರೂ ಕುಣಿಯುವುದು ಅಗಸರ ಪಿಕ್ಚರು. ಕೋಳಿಪುಕ್ಕದ ಲಂಗ ತೊಟ್ಟವಳು ಮೆಟ್ಟಿಲು ಇಳಿಯುತ್ತಲೇ ಇರುವುದು ಪುಕ್ಕದಾಕಿ ಪಿಕ್ಚರು. ಗಂಡ ಹೆಂಡತಿ ಜಗಳವಾಡಿ ಹಾಡಿ ಕೂಡಿ ಮತ್ತೆ ಜಗಳವಾಡುವುದು ನಮ್ಮ ಪಕ್ಕದ ಮನೆ ಪಿಕ್ಚರು. ಬರಬರುತ್ತ ಇಡೀ ಬಯಲು ಅಕ್ಕ ಇಟ್ಟ ಹೆಸರುಗಳಲ್ಲೇ ಮಾತಾಡತೊಡಗಿತು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿ ನೋಡುತ್ತಿದ್ದೆ, ಅರ್ಧಕ್ಕೇ ನಿದ್ದೆ ಹೋಗುತ್ತಿದ್ದೆ, ಉಳಿದರ್ಧವನ್ನು ಅವಳು ಮರುದಿನ ಕುಣಿದು ತೋರಿಸುತ್ತಿದ್ದಳು.

ಕ್ಲಬ್ಬಿಗೆ ಸುಣ್ಣ ಬಳಿಯುವಾಗ ಹಳೆಯ ಪಿಕ್ಚರುಗಳ ಫೋಟೋಗಳನ್ನೆಲ್ಲ ಹೊರಗೆ ಒಗೆದರು. ಗಾಜಿನ ಹಲಗೆಯೊಳಗೆ ಚುಚ್ಚಿಡುವ, ಒಂದೊಂದೂ ಹಾಳೆಯಷ್ಟು ದೊಡ್ಡ ದಪ್ಪ ಫೋಟೋಗಳು. ಡಬ್ಬಿಗಳ ಕೆಳಗೆ ಹಾಸಲು ಚೆನ್ನಾಗಿರುತ್ತವೆಂದು ಅವ್ವ ಹೊರೆ ಕಟ್ಟಿಕೊಂಡು ಬಂದಳು. ಅವಳು ಹಾಸುವ ಮೊದಲೇ ನಾವು ಕದ್ದೆವು. ಆದರೆ ಬಿಚ್ಚಿ ನೋಡಿದರೆ ಒಂದೂ ನಾವು ಕಂಡ ಪಿಕ್ಚರಿನಂತೆ ಇಲ್ಲ! ಮೆಟ್ಟಿಲು ಆ ಕಡೆಯಿಂದ ಇಳಿಯಬೇಕಾದದ್ದು ಈ ಕಡೆಯಿಂದ ಇಳಿಯುತ್ತದೆ, ಅಗಸರ ಹಗ್ಗ ತಪ್ಪು ಕಂಬಕ್ಕೆ ಕಟ್ಟಿದೆ. ನಾನು ಅಳುವುದಕ್ಕೆ ಶುರು ಮಾಡಿದೆ. ಅಕ್ಕ ಸುಮ್ಮನೆ ಯೋಚಿಸಿದಳು. ಒಂದು ಫೋಟೋ ಎತ್ತಿಕೊಂಡು ಹೋಗಿ ಗೋಡೆಯ ಕನ್ನಡಿಗೆ ಹಿಡಿದಳು. ಕನ್ನಡಿಯೊಳಗೆ ಪುಕ್ಕದಾಕಿ ಸರಿಯಾದ ಮೆಟ್ಟಿಲನ್ನು ಸರಿಯಾದ ಕಡೆಯಿಂದ ಇಳಿಯುತ್ತಿದ್ದಳು.

ಅಂದಿನಿಂದ ನಮ್ಮ ಆಟ ಶುರುವಾಯಿತು. ಒಬ್ಬಳು ಕನ್ನಡಿಗೆ ಮುಖ ಮಾಡಿ ಕೂಡಬೇಕು. ಇನ್ನೊಬ್ಬಳು ಅವಳ ಬೆನ್ನ ಹಿಂದೆ ನಿಂತು ಒಂದು ಫೋಟೋ ಎತ್ತಿ ಹಿಡಿದು, ಬೇರೆ ಭಾಗವನ್ನೆಲ್ಲ ಸೆರಗಿನಿಂದ ಮುಚ್ಚಿ, ಒಂದು ತುಣುಕು ಮಾತ್ರ ತೋರಿಸಿ, "ಯಾವುದು, ಹೇಳ ನೋಡೂಣು," ಎನ್ನಬೇಕು. ಮೂರು ಖೂನ ಕೊಡಬೇಕು. ಖೂನ ಎಂದರೆ ನಮ್ಮ ಕಡೆ ಸುಳಿವು. ಹೇಳಿ ಗೆದ್ದವಳು ಇತ್ತ ತಿರುಗಿ ಉಡಿ ಒಡ್ಡಬೇಕು, ಫೋಟೋ ಅವಳ ಉಡಿಗೆ ಬೀಳಬೇಕು. ಗೊತ್ತಾಗದಿದ್ದರೆ, "ಸೋತೆ, ನೀನೇ ಹೇಳಿಬಿಡು," ಎನ್ನಬೇಕು. ಅಕ್ಕ ಆ ಮಾತು ಹೇಳಿದ್ದು ನನಗೆ ನೆನಪಿಲ್ಲ. ಒಂದು ಬೂಟಿನ ತುದಿ ಕಂಡರೆ ಸಾಕು, ಅವಳು ಪಿಕ್ಚರಿನ ಹೆಸರು ಹೇಳಿ, ಆ ಹೊತ್ತಿಗೆ ಯಾವ ಹಾಡು ನಡೆದಿತ್ತೆಂದು ಗುನುಗಿಯೂ ತೋರಿಸುತ್ತಿದ್ದಳು. ಅವಳ ಜಡೆ ದಪ್ಪ, ಬೆನ್ನ ಮೇಲಿದ್ದರೆ ಕನ್ನಡಿಯಲ್ಲಿ ಫೋಟೋಗೆ ಅಡ್ಡ ಬರುತ್ತದೆಂದು ನಾನು ಬೈಯುತ್ತಿದ್ದೆ. ಅದಕ್ಕೆ ಕೂತೊಡನೆ ಜಡೆಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಮದುವೆ ಗೊತ್ತಾದ ಮೇಲೂ ಆಡಿದೆವು. ಗಂಡನ ಮನೆಗೆ ಹೋಗುವಾಗ ಅವಳು ಗೆದ್ದ ಫೋಟೋಗಳನ್ನೂ ನನಗೇ ಬಿಟ್ಟುಹೋದಳು.

ಅಪ್ಪ, ನಾನು ಭಾನುವಾರ ನಸುಕಿನಲ್ಲೇ ಹೊರಟೆವು. ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರದ ಮೇಲೆ ಸೇಡಂ ತಲುಪಿ, ಅಲ್ಲಿಂದ ಚಿಂಚೋಳಿ ಬಸ್ಸು. ದಾರಿಯುದ್ದಕ್ಕೂ ಅಪ್ಪ ಒಂದೇ ಮಾತು ಬೇರೆ ಬೇರೆ ತರಹ ಆಡಿದ: "ಕೈಕಾಲು ಬೀಳೂಣು. ಇನ್ನೊಂದು ವರ್ಷ ನೋಡ್ರಿ ಅನ್ನೂಣು." ಕಬ್ಬಿಣದ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತಿದ್ದ ಮನುಷ್ಯ ಬಸ್ಸಿನ ಸರಳನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ. ನಾನು ಫೋಟೋಗಳ ಕಟ್ಟನ್ನು ಎದೆಗೆ ಒತ್ತಿಕೊಂಡು, ಯಾವುದನ್ನು ಮೊದಲು ತೋರಿಸಲಿ, ಯಾವ ಖೂನ ಕೊಡಲಿ ಎಂದೇ ಯೋಚಿಸುತ್ತಿದ್ದೆ.

ಅಕ್ಕನ ತಲೆಗೂದಲನ್ನು ಜ್ವರದಲ್ಲಿ ಬೋಳಿಸಿದ್ದರು, ನಾವು ಹೋಗಿ ಮುಟ್ಟಿದಾಗ ಒಂದು ಬೆರಳಿನಷ್ಟು ಬೆಳೆದಿತ್ತು. ನಮ್ಮನ್ನು ನೋಡಿದಳು. ಬಂದವರಿಗೆ ತಂಬಿಗೆಯಲ್ಲಿ ನೀರು ತಂದಿಟ್ಟಳು. ಅಪ್ಪ ಅವಳ ಗಲ್ಲ ಹಿಡಿದು, "ನಾ ಯಾರವ್ವಾ? ಹೇಳ ನೋಡೂಣು," ಎಂದು ಕೇಳಿದ. ಅವಳು ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತಳು. ಅಪ್ಪ ಅಂಗಳಕ್ಕೆ ಹೋಗಿ ನಿಂತು ಅತ್ತ.

ಅವಳ ಅತ್ತೆಯನ್ನು ಬೈಯುವುದಕ್ಕೆಂದೇ ದಾರಿಯಲ್ಲಿ ಮಾತು ಕೂಡಿಸಿಕೊಂಡು ಬಂದಿದ್ದೆ. ಒಂದೂ ಆಡಲಾಗಲಿಲ್ಲ. ಆಕೆ ಕೆಟ್ಟವಳಲ್ಲ, ದಣಿದಿದ್ದಳು. ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಆಡಿನ ಹಾಲಿನ ಬಟ್ಟಲು. "ನಾ ಹೆಂಗ ಮಾಡಲೇ ಹುಡುಗಿ? ಇದ್ದ ಕನ್ನಡೀನೂ ತೆಗದು ಅಟ್ಟಕ್ಕ ಒಗದೀನಿ. ತನ್ನ ಬೋಳು ತಲಿ ನೋಡಿ ಚೀರಿ ಮನಿ ಹಾರಿಸಿದ್ಳು. ನನ್ನ ಮಗ ದಾಡಿ ಮಾಡಿಸ್ಕೊಳ್ಳಿಕ್ಕ ದುಕಾನಕ್ಕ ಹೋಗಲಿಕತ್ತಾನ. ಎಲ್ಲಾ ತಾಳಕೊಂಡೀನಿ. ಖರೇ, ಕೂಸು ಅತ್ರೂ ಮಾರಿ ತಿರುಗಿಸ್ತಾಳಲ್ಲ, ಅದನ್ನ ಹೆಂಗ ನೋಡಲಿ?" ಎಂದಳು. ನಾನು ಕೂಸನ್ನು ಇಸಕೊಂಡು ಹಾಲು ಕುಡಿಸಿದೆ, ಜ್ವರಕ್ಕೆ ಮೊದಲು ಅಕ್ಕ ಹಾಡದೆ ಇದು ಮಲಗುತ್ತಿರಲಿಲ್ಲ ಎಂದು ಆಕೆ ಹೇಳಿದಳು.

ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ನಾನು ಅಕ್ಕನ ಎದುರಿಗೆ ಕೂತು ಕಟ್ಟು ಬಿಚ್ಚಿದೆ. ಪುಕ್ಕದಾಕಿಯನ್ನು ತೋರಿಸಿದೆ. "ಯಾವುದು, ಹೇಳ ನೋಡೂಣು." ಅವಳು ತಿರುಗಿ ಕೂತಳು. ನಾನು ಎದ್ದು ಹೋಗಿ, ಗೋಡೆಗೂ ಅವಳಿಗೂ ನಡುವೆ ಸಂದು ಮಾಡಿಕೊಂಡು ಅಗಸರ ಪಿಕ್ಚರು ಹಿಡಿದೆ. ಅವಳು ಮತ್ತೆ ಆ ಕಡೆ ತಿರುಗಿದಳು. ಹಡಗಿನ ಪಿಕ್ಚರು ತೋರಿಸಿದೆ, ಪಕ್ಕದ ಮನೆಯವರನ್ನು ತೋರಿಸಿದೆ, ಹಾಡು ಗುನುಗಿದೆ, ಬೇಡಿಕೊಂಡೆ. ನನ್ನ ಸುತ್ತ ಅವಳು, ಅವಳ ಸುತ್ತ ನಾನು. ಕೊನೆಗೆ ಅವಳ ರಟ್ಟೆ ಹಿಡಿದು ಅಲುಗಿಸಿ, "ಒಂದು ಸಲ ನೋಡೇ! ನಾಳೆ ನಿನ್ನ ಕೂಸಿನ್ನ ಕಸಗೊಂತಾರ!" ಎಂದು ಚೀರಿದೆ. ಅವಳು ಹೆದರಿ ಮೂಲೆ ಸೇರಿದಳು. ನನ್ನ ಕೊನೆಯ ಆಸೆಯೂ ಅಲ್ಲಿಗೆ ಮುಗಿಯಿತು. ಫೋಟೋಗಳನ್ನು ಕಟ್ಟಲೂ ಇಲ್ಲ, ಹಾಗೇ ನೆಲದ ಮೇಲೆ ಬಿಟ್ಟೆ.

ಸೋಮವಾರ ಬೆಳಿಗ್ಗೆ ಇಬ್ಬರು ಹಿರಿಯರು ಬಂದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡಿಸಿದರು. ಒಬ್ಬರು ಅಪ್ಪನಿಗೆ, "ನಿಮ್ಮ ಹುಡುಗೀದು ತಪ್ಪೇನಿಲ್ಲ, ಆಕಿ ಹಣೆಬರ ಹಂಗ ಅದ," ಎಂದು ಸಮಾಧಾನದಿಂದಲೇ ಹೇಳಿದರು. ಅಪ್ಪ ತಲೆಯ ರುಮಾಲು ತೆಗೆದು ಅವರ ಮುಂದೆ ಇಟ್ಟ. "ಇನ್ನೊಂದು ವರ್ಷ ನೋಡ್ರಿ," ಎಂದ. ಇನ್ನೊಬ್ಬರು, ಕೊನೆಯದಾಗಿ ಎಲ್ಲರ ಕಣ್ಣೆದುರು ಒಮ್ಮೆ ಕೇಳಿಬಿಡೋಣ, ಆಮೇಲೆ ಯಾರೂ ಅನ್ಯಾಯ ಎನ್ನಬಾರದು ಎಂದರು. ಅಕ್ಕನನ್ನು ನಡುಮನೆಯಿಂದ ಕರೆತಂದು ಕೂಡಿಸಿದರು. ಅತ್ತೆ ಕೂಸನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದಳು. ಕೂಸು ಕೈ ಬಡಿದು ನಕ್ಕಿತು.

"ಇದು ಯಾರ ಕೂಸು? ಹೇಳ ನೋಡೂಣು," ಎಂದರು ಹಿರಿಯರು.

ಅಕ್ಕ ಬೆನ್ನು ತಿರುಗಿಸಿದಳು.

ಪಡಸಾಲೆಯಲ್ಲಿ ಎಲ್ಲರೂ ಒಮ್ಮೆಗೇ ಉಸಿರು ಬಿಟ್ಟರು. ಹಿರಿಯರು, "ಆಯ್ತು, ನೋಡಿದ್ರಲ್ಲ," ಎಂದು ಅಪ್ಪನ ರುಮಾಲು ಎತ್ತಿ ಅವನ ಕೈಗೆ ಕೊಟ್ಟರು. ನಾನು ಮಾತ್ರ ಅಕ್ಕನನ್ನೇ ನೋಡುತ್ತಿದ್ದೆ, ಇನ್ನು ಅವಳ ಬೆನ್ನನ್ನಾದರೂ ಕಣ್ತುಂಬ ನೋಡಿಕೊಳ್ಳೋಣ ಎಂದು. ಅವಳು ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತಳು. ಬಲಗೈ ಬೆನ್ನ ಹಿಂದೆ ಹೋಯಿತು. ಇಲ್ಲದ ಜಡೆಯನ್ನು ಹಿಡಿದು ಹೆಗಲ ಮೇಲಿಂದ ಮುಂದಕ್ಕೆ ಎಳೆದುಕೊಂಡಳು. ಆಮೇಲೆ ಗದ್ದ ಎತ್ತಿ ಬೋಳು ಗೋಡೆಯ ಮೇಲೆ, ನಮ್ಮ ಮನೆಯಲ್ಲಿ ಕನ್ನಡಿ ತೂಗುಹಾಕುತ್ತಿದ್ದಷ್ಟು ಎತ್ತರದಲ್ಲಿ, ಕಣ್ಣು ನೆಟ್ಟು ಕಾಯತೊಡಗಿದಳು.

ಆಗ ನನಗೆ ತಿಳಿಯಿತು. ಅವಳು ಯಾರಿಗೂ ಬೆನ್ನು ತೋರಿಸುತ್ತಿರಲಿಲ್ಲ. ಈ ಮನೆಯವರು ತಿಂಗಳುಗಟ್ಟಲೆ ಅವಳ ಎದುರಿಗೆ ಒಬ್ಬೊಬ್ಬರನ್ನೇ ಹಿಡಿದು "ಹೇಳ ನೋಡೂಣು" ಎಂದಿದ್ದರು. ಅವಳು ಪ್ರತಿ ಸಲವೂ ಆಟದ ನೇಮದಂತೆ ತಿರುಗಿ ಕೂತು, ಕನ್ನಡಿಗಾಗಿ ನೋಡಿದ್ದಳು. ಕನ್ನಡಿ ಇರಲಿಲ್ಲ. ನಿನ್ನೆ ಮಧ್ಯಾಹ್ನವೆಲ್ಲ ನಾನೂ ಅವಳ ಮುಂದೆ ಕುಣಿದಿದ್ದೆ, ಆಟ ಗೊತ್ತಿದ್ದ ನಾನೇ.

"ಕನ್ನಡಿ! ಕನ್ನಡಿ ಕೊಡ್ರಿ!" ಎಂದು ಕೂಗಿದೆ.

"ಬ್ಯಾಡ, ಚೀರತಾಳ," ಎಂದು ಅತ್ತೆ ನನ್ನ ಕೈ ಹಿಡಿದಳು. ಹಿರಿಯರು ಈ ಹುಡುಗಿಗೂ ತಲೆ ಕೆಟ್ಟಿತೇನು ಎನ್ನುವಂತೆ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದ ಭಾವನ ಕಡೆ ತಿರುಗಿದೆ. "ನಿಮ್ಮ ಕಾಲಿಗೆ ಬೀಳ್ತೀನಿ, ಒಂದೇ ಒಂದು ಸಲ ತಂದು ಕೊಡ್ರಿ," ಎಂದೆ. ಆತ ತಾಯಿಯನ್ನು ನೋಡಲಿಲ್ಲ. ಕಾಳಿನ ಕಣಜದ ಕಟ್ಟೆ ಹತ್ತಿ, ಅಟ್ಟಕ್ಕೆ ಕೈ ಹಾಕಿ, ಗೋಣಿ ಸುತ್ತಿದ ಕನ್ನಡಿಯನ್ನು ಇಳಿಸಿಕೊಟ್ಟ.

ಧೂಳು ಒರೆಸಿ ಅಕ್ಕನ ಮುಂದೆ ಎತ್ತರಕ್ಕೆ ಹಿಡಿದೆ, ಅವಳ ತಲೆ ಅವಳಿಗೆ ಕಾಣದಂತೆ ವಾಲಿಸಿ ಹಿಡಿದೆ. ಭಾವ ಕೂಸನ್ನು ಅವಳ ಹಿಂದೆ ಎತ್ತಿ ನಿಂತ. ಅಕ್ಕನ ಕಣ್ಣು ಕನ್ನಡಿಯ ಮೇಲೆ ಬಿತ್ತು. ಚೀರಲಿಲ್ಲ. ಕುತ್ತಿಗೆ ಮುಂದೆ ಚಾಚಿದಳು.

"ಯಾರು, ಹೇಳ ನೋಡೂಣು," ಎಂದೆ.

"ಖೂನ ಹೇಳು," ಎಂದಳು ಅಕ್ಕ.

ಜ್ವರ ಬಿಟ್ಟ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಅಪ್ಪ ಬಾಯಿಗೆ ರುಮಾಲು ಒತ್ತಿಕೊಂಡ.

"ಒಂದನೇ ಖೂನ. ನೀ ಹಾಡಲ್ದ ಇದಕ್ಕ ನಿದ್ದಿ ಬರತಿದ್ದಿಲ್ಲ."

ಅಕ್ಕ ತಲೆ ಅಲ್ಲಾಡಿಸಿದಳು, ಗೊತ್ತಾಗಲಿಲ್ಲ ಎಂದು.

"ಎರಡನೇ ಖೂನ. ಎಡಗಿವಿ ಮ್ಯಾಲ ಮಚ್ಚಿ ಅದ." ಮಚ್ಚೆ ಇರುವುದು ಬಲಗಿವಿಯ ಮೇಲೆ. ಆದರೆ ನಮ್ಮ ಆಟದಲ್ಲಿ ಎಡ ಬಲ ಪರದೆಯ ಹಿಂದಿನವರ ಲೆಕ್ಕ, ಬಾಯಿಗೆ ಹಾಗೇ ಬಂತು. ಅಕ್ಕ ಕನ್ನಡಿಯಲ್ಲಿ ಕೂಸಿನ ಕಿವಿಯನ್ನು ಬಹಳ ಹೊತ್ತು ನೋಡಿದಳು. ಮತ್ತೆ ತಲೆ ಅಲ್ಲಾಡಿಸಿದಳು. ಹಿರಿಯರೊಬ್ಬರು ಕೆಮ್ಮಿದರು. ಒಂದೇ ಖೂನ ಉಳಿದಿತ್ತು. ನನಗೆ ಏನೂ ಹೊಳೆಯುತ್ತಿರಲಿಲ್ಲ, ದೇವರೇ ಎಂದು ಕಣ್ಣು ಮುಚ್ಚಿದೆ. ಬಯಲಿನ ಪಿಕ್ಚರುಗಳಿಗೆಲ್ಲ ಅಕ್ಕ ತಾನೇ ಹೆಸರಿಡುತ್ತಿದ್ದದ್ದು ನೆನಪಾಯಿತು.

"ಮೂರನೇ ಖೂನ," ಎಂದೆ. "ಇದಕ್ಕ ಹೆಸರಿಟ್ಟಾಕಿ ನೀನೇ."

ಅಕ್ಕ ಹೆಸರು ಹೇಳಿದಳು. ತೊಟ್ಟಿಲಲ್ಲಿ ಹಾಕಿ ಕರೆದ ಹೆಸರಲ್ಲ, ಬಾಣಂತಿ ಕೋಣೆಯಲ್ಲಿ ಅವಳೊಬ್ಬಳೇ ಕರೆಯುತ್ತಿದ್ದ ಮುದ್ದಿನ ಹೆಸರು. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ, ಅತ್ತೆಗೆ ಗೊತ್ತಿತ್ತು. ಅತ್ತೆ "ಯವ್ವಾ!" ಎಂದು ನೆಲಕ್ಕೆ ಕುಸಿದಳು. ಅಕ್ಕ ಆಟ ಗೆದ್ದವಳ ಹಾಗೆ ಇತ್ತ ತಿರುಗಿ, ಸೆರಗು ಬಿಡಿಸಿ, ಎರಡು ಕೈಯಲ್ಲಿ ಉಡಿ ಒಡ್ಡಿದಳು. ಭಾವ ಕೂಸನ್ನು ಅದರೊಳಗೆ ಇಳಿಸಿದ.

ಹಿರಿಯರು ಚಹಾ ಕುಡಿದು, ಅಪ್ಪನ ತಲೆಯ ಮೇಲೆ ತಾವೇ ರುಮಾಲು ಇಟ್ಟು ಹೋದರು. ಇನ್ನೊಂದು ಲಗ್ನದ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅತ್ತೆ ಕಣ್ಣೊರೆಸಿಕೊಂಡು ಬಂದು ನನ್ನ ಕೈಯಿಂದ ಕನ್ನಡಿ ತೆಗೆದುಕೊಂಡಳು. "ನೀ ಇಷ್ಟೊತ್ತು ಕನ್ನಡಿ ಹಿಡಕೊಂಡು ನಿಂತಿ. ನಿನ್ನನ್ನ ಎಲ್ಲಿ ನೋಡ್ಯಾಳ ಆಕಿ? ಹೋಗು, ಹಿಂದ ನಿಂದ್ರು. ನಾ ಹಿಡಿತೀನಿ," ಎಂದಳು.

ಅಕ್ಕ ಕೂಸನ್ನು ಉಡಿಯಲ್ಲೇ ಇಟ್ಟುಕೊಂಡು ತಿರುಗಿ ಕೂತಳು. ನಾನು ಅವಳ ಬೆನ್ನ ಹಿಂದೆ ನಿಂತೆ. ಕನ್ನಡಿಯಲ್ಲಿ ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಅವಳು ನನ್ನನ್ನು ಎಂದೂ ನೋಡಿರಲಿಲ್ಲ.

"ಖೂನ ಹೇಳ್ರಿ," ಎಂದಳು.

ಅಕ್ಕ ನನಗೆ ಎಂದೂ 'ರಿ' ಹಚ್ಚಿ ಮಾತಾಡಿರಲಿಲ್ಲ. ಆದರೂ ಹೇಳಿದೆ. ನಾವಿಬ್ಬರೂ ಒಂದೇ ತಾಟಿನಲ್ಲಿ ಉಂಡಿದ್ದೇವೆ ಎಂದೆ. ನಿನ್ನ ತೊಡೆಯ ಮೇಲೆ ಮಲಗಿ ಅರ್ಧ ಪಿಕ್ಚರು ನೋಡುತ್ತಿದ್ದೆ ಎಂದೆ. ನಿನ್ನ ಜಡೆ ಅಡ್ಡ ಬರುತ್ತದೆಂದು ಬೈಯುತ್ತಿದ್ದವಳು ಎಂದೆ. ಅವಳು ಪ್ರತಿ ಖೂನಕ್ಕೂ ಕಣ್ಣು ಕಿರಿದು ಮಾಡಿ ಯೋಚಿಸಿದಳು. ಹುಡುಕಲಿಲ್ಲ ಎನ್ನುವಂತಿಲ್ಲ, ಮನಸ್ಸಿಟ್ಟು ಹುಡುಕಿದಳು. ಕೊನೆಗೆ ನಾಚಿಕೊಂಡು ತಲೆ ತಗ್ಗಿಸಿದಳು.

"ಸೋತೆನ್ರಿ," ಎಂದಳು. "ನೀವೇ ಹೇಳಿಬಿಡ್ರಿ."

"ನಾ ನಿನ್ನ ತಂಗಿ."

"ಹೌದೇನ್ರಿ?" ಎಂದಳು ಅಕ್ಕ, ಬಂದವರೊಡನೆ ಮಾತಾಡುವ ಮರ್ಯಾದೆಯಲ್ಲಿ. "ಕುಂದ್ರಿ. ಚಹಾ ಕುಡದು ಹೋಗ್ರಿ."

ನಾನು ಕೂತೆ. ಅವಳೇ ಎದ್ದು, ಕೂಸನ್ನು ಕಂಕುಳಿಗೆ ಏರಿಸಿಕೊಂಡು, ಚಹಾ ತಂದುಕೊಟ್ಟಳು.